ನಿಯಮಕೋಶದ ಕ್ಲೈಂಟ್ ಲೈಬ್ರರಿಯ ವೇಗಪರೀಕ್ಷೆ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಮೊದಲು ನವಲಗುಂದ ತಾಲೂಕಿಗೆ ಸೇರಿದ್ದಿತು. 2017ರಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಅದೂ ಒಂದಾಯಿತು. ಊರು ಇದ್ದಲ್ಲಿಯೇ ಇದ್ದಿತು, ಎರೆಯ ಹೊಲಗಳೂ ಕದಲಲಿಲ್ಲ. ಕಾಗದದ ಮೇಲಿನ ತಾಲೂಕಿನ ಹೆಸರು ಮಾತ್ರ ಬೇರೆಯಾಯಿತು. 'ಭೂಮಿ' ಯೋಜನೆಯಿಂದ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ ಇಂಥ ಬದಲಾವಣೆಯು ಜನರಿಗೆ ತಿಳಿದರೆ ಸಾಲದು, ಯಂತ್ರಗಳಿಗೂ ತಿಳಿಯಬೇಕು. ಹಳೆಯ ಹೆಸರಿನ ಉತಾರವನ್ನು ಹಿಡಿದು ಹೋದ ರೈತನಿಗೆ ಸಾಲ ಕೊಡುವವರು ನಾಳೆ ಬಾ ಎನ್ನುವರು. ಅವನ ಒಂದು ದಿನದ ಕೆಲಸವು ಹೋಗುವುದು.

ಯಾವ ಗ್ರಾಮವು ಯಾವ ತಾಲೂಕಿನದು, ಶುಲ್ಕವೆಷ್ಟು ಎಂಬಂಥ ಬದಲಾಗತಕ್ಕ ಸಂಗತಿಗಳನ್ನು ಪ್ರೋಗ್ರಾಮಿನೊಳಗೆ ಬರೆಯದೆ ಕ್ಲೌಡ್ ಎಂಬ ದೂರದ ಗಣಕಸಮೂಹದಲ್ಲಿ ಒಂದೆಡೆ ಇಡುವ ಪದ್ಧತಿಯುಂಟು. ಅದನ್ನು ಕಾನ್ಫಿಗರೇಶನ್ ಸೇವೆ ಎನ್ನುವರು, ನಾವು ನಿಯಮಕೋಶವೆನ್ನೋಣ. ಕೋಶವನ್ನು ಕೇಳಿ ಬಂದು ಪ್ರೋಗ್ರಾಮಿಗೆ ಉತ್ತರವನ್ನೊಪ್ಪಿಸುವ ಚಿಕ್ಕ ಭಾಗವೇ ಕ್ಲೈಂಟ್ ಲೈಬ್ರರಿ. 'ಭೂಮಿ'ಯ ಒಳರಚನೆಯು ಪ್ರಕೃತ ವಿಷಯವಲ್ಲ. ಅಣ್ಣಿಗೇರಿಯು ಇಲ್ಲಿ ದೃಷ್ಟಾಂತ ಮಾತ್ರ. ಇಂಥ ಲೈಬ್ರರಿಯ ವೇಗವನ್ನು ಅಳೆಯುವುದು ಹೇಗೆಂಬುದನ್ನೇ ವಿವೇಚಿಸಬೇಕಾಗಿದೆ.

ಮೊದಲು ದೂರದ ಮಾತು. ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರು ಸಾಗುವುದು. ಧಾರವಾಡದಿಂದ ಮುಂಬಯಿಯು ನೇರವಾಗಿ 460 ಕಿಲೋಮೀಟರಿನಷ್ಟು ಇರುವುದರಿಂದ, ಅಲ್ಲಿಗೆ ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ನಾಲ್ಕೂವರೆ ಮಿಲಿಸೆಕೆಂಡಿಗಿಂತ ಕಡಿಮೆ ಆಗುವಂತಿಲ್ಲ. ತನ್ನ ಸ್ಮೃತಿಯಲ್ಲಿರುವುದನ್ನು ಓದಲು ಯಂತ್ರಕ್ಕೆ ಇದರ ನಾಲ್ವತ್ತು ಸಾವಿರದಲ್ಲೊಂದು ಪಾಲೂ ಬೇಡ. ಆದುದರಿಂದ ಲೈಬ್ರರಿಯು ಒಮ್ಮೆ ತಂದ ಉತ್ತರವನ್ನು ತನ್ನಲ್ಲಿಯೇ ಇಟ್ಟುಕೊಂಡು, ನಿಯತಕಾಲಕ್ಕೊಮ್ಮೆ ಹೊಸದಿದೆಯೇ ಎಂದು ವಿಚಾರಿಸುವುದು. ಈ ಎರಡು ಬಗೆಯ ಓದುಗಳನ್ನು ಒಂದೇ ರಾಶಿಯಲ್ಲಿ ಕೂಡಿಸಿ ಸರಾಸರಿ ತೆಗೆಯುವವರು ಬಹಳ. 99 ಓದುಗಳಿಗೆ ತಲಾ 1 ಮಿಲಿಸೆಕೆಂಡು, ಒಂದಕ್ಕೆ 2,000 ಆದರೆ ಸರಾಸರಿಯು 21 ಎಂದು ಬರುವುದು. ಆದರೆ 21 ಮಿಲಿಸೆಕೆಂಡು ಕಾಯ್ದವರು ಒಬ್ಬರೂ ಇಲ್ಲ! ಈ ವಿರಳವಾದ ವಿಳಂಬವು ಹೇಗೆ ಎಲ್ಲರದೂ ಆಗುವುದೆಂಬುದನ್ನು ಡೀನ್ ಮತ್ತು ಬರೋಸೋ ಎಂಬವರು 2013ರಲ್ಲಿ ತೋರಿಸಿದರು: ನೂರರಲ್ಲಿ ಒಂದು ಸಲ ತಡಮಾಡುವಂಥ ನೂರು ಯಂತ್ರಗಳನ್ನು ಒಂದೇ ಕೆಲಸಕ್ಕಾಗಿ ಕೇಳಬೇಕಾದರೆ, ನೂರಕ್ಕೆ 63 ಕೆಲಸಗಳು ತಡವಾಗುವುವು.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದು ಪರೀಕ್ಷಕನ ಕೈಯಲ್ಲಿಯೇ ಇರುವುದು. ಸೆಕೆಂಡಿಗೆ 10 ಪ್ರಶ್ನೆಗಳಂತೆ ಕೇಳುತ್ತ ಹೋಗುವಾಗ ಲೈಬ್ರರಿಯು 60 ಸೆಕೆಂಡು ಸ್ತಬ್ಧವಾಯಿತೆಂದು ತಿಳಿಯಿರಿ. ಹಿಂದಿನ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕೇಳುವ ಪರೀಕ್ಷಕನು ತಾನೂ ಸುಮ್ಮನೆ ನಿಲ್ಲುವನು. ಅವನ ದಫ್ತರದಲ್ಲಿ 60 ಸೆಕೆಂಡಿನ ಒಂದೇ ದಾಖಲೆ ಬೀಳುವುದು. ನಿಜವಾಗಿ ಆ ಅವಧಿಯಲ್ಲಿ 600 ಪ್ರಶ್ನೆಗಳು ಬರಬೇಕಾಗಿದ್ದುವು. ಅವು ಸರಾಸರಿ 30 ಸೆಕೆಂಡು ಕಾಯಬೇಕಾಗುತ್ತಿದ್ದುವು. ಕಚೇರಿಯ ಕಿಟಕಿ ಮುಚ್ಚಿದಾಗ ಸಾಲಿನ ಮೊದಲಿನವನನ್ನು ಮಾತ್ರ ಎಣಿಸಿ, ಬಿಸಿಲಲ್ಲಿ ನಿಂತ ಉಳಿದವರನ್ನು ಬಿಟ್ಟಂತೆ ಇದು. ಗಿಲ್ ಟೇನೆ ಎಂಬ ತಜ್ಞನು ಈ ದೋಷಕ್ಕೆ ಹೆಸರನ್ನಿತ್ತು ಪ್ರಸಿದ್ಧಿಗೆ ತಂದನು. ಉತ್ತರವು ಬರಲಿ ಬಿಡಲಿ, ಗೊತ್ತಾದ ಹೊತ್ತಿಗೆ ಪ್ರಶ್ನೆಯನ್ನು ಕಳಿಸಿ, ಆ ಹೊತ್ತಿನಿಂದಲೇ ಕಾಲವನ್ನೆಣಿಸುವುದು ಪರಿಹಾರ. ಪರೀಕ್ಷಾಫಲಗಳನ್ನು ಹೊಗಳುವ ಎಷ್ಟೋ ಪ್ರಕಟನೆಗಳು ಈ ಒಂದು ಒರೆಗೆ ನಿಲ್ಲಲಾರವೆಂದು ನಮಗೆ ತೋರುವುದು.

ಇನ್ನು ಕೋಶದ ಮೇಲೆ ಬೀಳುವ ಭಾರ. 6,000 ಯಂತ್ರಗಳು 30 ಸೆಕೆಂಡಿಗೊಮ್ಮೆ ವಿಚಾರಿಸಿದರೆ ಸೆಕೆಂಡಿಗೆ 200 ಪ್ರಶ್ನೆಗಳಾದುವು. ಆದರೆ ವಿದ್ಯುತ್ತು ಹೋಗಿ ಬಂದಾಗ ಎಲ್ಲವೂ ಒಂದೇ ಕ್ಷಣಕ್ಕೆ ಎದ್ದರೆ 6,000ವೂ ಒಟ್ಟಿಗೇ ಬರುವುವು; ಮುಂದೆಯೂ 30 ಸೆಕೆಂಡಿಗೊಮ್ಮೆ ಹಾಗೆಯೇ ಬರುವುವು. ಕುಂದಗೋಳ, ನವಲಗುಂದಗಳ ಜನಕ್ಕೆ ಬೆಣ್ಣಿಹಳ್ಳವನ್ನು ನೆನೆದರೆ ಇದು ತಾನೇ ತಿಳಿಯುವುದು: ವರ್ಷದ ಮಳೆಯು ಹೆಚ್ಚಿನದಲ್ಲ, ಒಮ್ಮೆಲೆ ಬಂದುದೇ ಹಾನಿ. ಅದಕ್ಕಾಗಿ ಒಳ್ಳೆಯ ಲೈಬ್ರರಿಯು ತನ್ನ ಅವಧಿಗೆ ಯಾದೃಚ್ಛಿಕವಾದ ಕೆಲವು ಸೆಕೆಂಡುಗಳನ್ನು ಸೇರಿಸುವುದು. ಉತ್ತರ ಬಾರದಿದ್ದರೆ ಕಾಯುವ ಕಾಲವನ್ನು ಇಮ್ಮಡಿಸುತ್ತ ಹೋಗುವುದು. ಅಲ್ಲಿಯ ವರೆಗೆ ಹಳೆಯ ಉತ್ತರದಿಂದಲೇ ಕೆಲಸ ಸಾಗಿಸುವುದು. ಹಳೆಯದನ್ನು ಎಷ್ಟು ಹೊತ್ತು ನಂಬಬಹುದೆಂಬುದನ್ನು ಮಾತ್ರ ಯಂತ್ರಜ್ಞನು ಒಬ್ಬನೇ ನಿರ್ಣಯಿಸಲಾಗದು. ಶುಲ್ಕದ ದರವು ಒಂದು ಗಂಟೆ ಹಳೆಯದಾದರೆ ನಡೆದೀತು. ತಾಲೂಕಿನ ಹೆಸರು ಮುದ್ರಿತವಾಗಿ ಹೊರಗೆ ಹೋದ ಮೇಲೆ ಹಿಂದಕ್ಕೆ ಬಾರದು.

ಪರೀಕ್ಷೆಯನ್ನು ಕೋಶದ ಪಕ್ಕದ ಯಂತ್ರದಿಂದ ನಡೆಯಿಸಿ ತೃಪ್ತರಾಗಲೂ ಬಾರದು. ಕಲಘಟಗಿಯ ಕಾಡಂಚಿನಲ್ಲಿ ಇರಬಹುದಾದಂಥ ತಂತುವನ್ನು, ಎಂದರೆ ನೂರರಲ್ಲಿ ಕೆಲವು ಸಂದೇಶಗಳು ಕಳೆದುಹೋಗುವಂಥದನ್ನು, ಕೃತಕವಾಗಿ ನಿರ್ಮಿಸಿ ಅಳೆಯಬೇಕು. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಆರಿಸಿ ಹೊತ್ತಿಸಿಯೂ ನೋಡಬೇಕು. 2025ನೆಯ ಜೂನ್ 12ರಂದು ಗೂಗಲ್ ಕ್ಲೌಡಿನಲ್ಲಿ, ಕೆಲವು ಅಂಕಣಗಳು ಖಾಲಿಯಿದ್ದ ಒಂದು ನಿಯಮದ ದಾಖಲೆಯು ಕೆಲವೇ ಸೆಕೆಂಡುಗಳಲ್ಲಿ ಜಗತ್ತಿಗೆಲ್ಲ ಹರಡಿ, ಅದನ್ನೋದಿದ ಪ್ರೋಗ್ರಾಮುಗಳು ಕುಸಿದುವು. ಮೂಲದೋಷವು ಬೇಗನೆ ಪತ್ತೆಯಾಯಿತು. ಆದರೆ ದೊಡ್ಡ ಕೇಂದ್ರವೊಂದರಲ್ಲಿ, ಮರಳಿ ಎದ್ದ ಪ್ರೋಗ್ರಾಮುಗಳೆಲ್ಲ ಒಮ್ಮೆಲೆ ಕೋಷ್ಟಕವನ್ನು ಕೇಳತೊಡಗಿದುದರಿಂದ ಚೇತರಿಕೆಗೆ ಸುಮಾರು 2 ಗಂಟೆ 40 ನಿಮಿಷ ಹಿಡಿಯಿತು. ಮೇಲೆ ಹೇಳಿದ ಯಾದೃಚ್ಛಿಕ ವಿಳಂಬವು ಆ ಪ್ರೋಗ್ರಾಮಿನಲ್ಲಿ ಇದ್ದಿರಲಿಲ್ಲ.