ಒಂದು ಹೊಲ, ಹಲವು ಬೆಳೆ: ನಮೂನೆ ತುಂಬುವ ಕ್ರಮ

ಚಿಂಚೋಳಿ ತಾಲ್ಲೂಕಿನ ಸುಲೇಪೇಟ ಹೋಬಳಿಯಲ್ಲಿ ತೊಗರಿಯೇ ಮುಖ್ಯವಾದ ಬೆಳೆಯೆಂಬುದು ಸರ್ವವಿದಿತವು. ಆದರೆ ಮುಂಗಾರಿನಲ್ಲಿ ಅದರೊಡನೆ ಹೆಸರು, ಉದ್ದುಗಳನ್ನೂ ಬಿತ್ತುವ ರೂಢಿಯುಂಟು. ಒಂದೇ ಸರ್ವೆ ನಂಬರಿನಲ್ಲಿ ಹೀಗೆ ಎರಡು ಮೂರು ಬೆಳೆಗಳಿರುವಾಗ ಅವೆಲ್ಲವೂ ಸರ್ಕಾರದ ದಾಖಲೆಯಲ್ಲಿ ಬರುವಂತೆ ನೋಡಿಕೊಳ್ಳುವುದು ಜಮೀನುದಾರರಿಗೆ ಅತ್ಯವಶ್ಯಕವು.

ಪೂರ್ವದಲ್ಲಿ ಬೆಳೆಯ ವಿವರವನ್ನು ಪಹಣಿಯಲ್ಲಿ ಕೈಯಿಂದ ಬರೆಯಲಾಗುತ್ತಿತ್ತು. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. 2020ನೆಯ ಇಸವಿಯ ಮುಂಗಾರಿನಲ್ಲಿ ರೈತರೇ ಮೊಬೈಲಿನ ಮೂಲಕ ಬೆಳೆ ಸಮೀಕ್ಷೆಯ ವಿವರ ತುಂಬುವ ಅವಕಾಶವು ಒದಗಿತು.

ಹಲವು ಬೆಳೆಗಳನ್ನು ಒಟ್ಟಿಗೆ ದಾಖಲಿಸುವ ನಮೂನೆಯಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರತಕ್ಕದ್ದು. ಮೇಲ್ಭಾಗದಲ್ಲಿ ಗ್ರಾಮ, ಸರ್ವೆ ನಂಬರು, ಹಿಸ್ಸಾ, ಖಾತೆದಾರರ ಹೆಸರು. ಇವನ್ನು ಒಂದಾವರ್ತಿ ಬರೆದರೆ ಸಾಕು. ಕೆಳಭಾಗದಲ್ಲಿ ಬೆಳೆಗೊಂದು ಸಾಲು. ಬೆಳೆ ಹೆಚ್ಚಿದಂತೆ ಸಾಲನ್ನೂ ಹೆಚ್ಚಿಸಿಕೊಳ್ಳಬಹುದು. ಉದಾಹರಣೆಗೆ, 4 ಎಕರೆಯ ಹೊಲದಲ್ಲಿ ತೊಗರಿ 2 ಎಕರೆ 20 ಗುಂಟೆ, ಹೆಸರು 1 ಎಕರೆ, ಉದ್ದು 20 ಗುಂಟೆ ಇದ್ದರೆ ಮೂರು ಸಾಲುಗಳಾಗುವುವು. 40 ಗುಂಟೆಗೆ ಒಂದು ಎಕರೆಯಂತೆ ಕೂಡಿದರೆ ಮೊತ್ತವು ಸರಿಯಾಗಿ 4 ಎಕರೆಯಾಗಬೇಕು.

ನಮೂನೆಯು ಒಂದೇ ಆದರೂ ಪ್ರತಿಯೊಂದು ಸಾಲೂ ಉಗ್ರಾಣದಲ್ಲಿ ಪ್ರತ್ಯೇಕ ದಾಖಲೆಯಾಗಿ ನಿಲ್ಲುವುದು. ಮೇಲಿನ ಸರ್ವೆ ನಂಬರು ಪ್ರತಿಯೊಂದಕ್ಕೂ ತಾನಾಗಿ ಅಂಟಿಕೊಳ್ಳುವುದರಿಂದ ಯಾವ ಬೆಳೆ ಯಾವ ಹೊಲದ್ದೆಂಬ ಸಂಶಯಕ್ಕೆ ಎಡೆಯಿಲ್ಲ. ತಾಲ್ಲೂಕಿನ ತೊಗರಿಯನ್ನೆಲ್ಲ ಬೇರೆಯಾಗಿ ಮೊತ್ತ ಹಾಕುವುದೂ ಸುಲಭ. ‘ತೊಗರಿ, ಹೆಸರು’ ಎಂದು ಒಂದೇ ಸಾಲಿನಲ್ಲಿ ತುರುಕಿದರೆ ಈ ಪ್ರಯೋಜನವು ಕೆಡುವುದು.

ಒಂದು ಸಾಲಿನಲ್ಲಿ ತಪ್ಪಿದ್ದರೆ ಯಾವುದನ್ನೂ ಸೇರಿಸದೆ, ತಪ್ಪಿನ ಸ್ಥಳವನ್ನು ತೋರಿಸಿ, ತಿದ್ದಿದ ಮೇಲೆ ಎಲ್ಲವನ್ನೂ ಒಮ್ಮೆಗೇ ಸೇರಿಸುವುದು ಉತ್ತಮ ನಮೂನೆಯ ಲಕ್ಷಣವು. ಎರಡು ಸಾಲು ಸೇರಿ ಮೂರನೆಯದು ಬಿಟ್ಟುಹೋದರೆ ಆ ಕೊರತೆಯು ಯಾರ ಕಣ್ಣಿಗೂ ಬೀಳದೆ ಉಳಿಯುವುದು. ಅಂತೆಯೇ, ಗುಂಡಿಯನ್ನು ಎರಡು ಸಲ ಒತ್ತಿದಾಗ ಬೆಳೆಯು ಇಮ್ಮಡಿಯಾಗದಂತೆಯೂ ಏರ್ಪಾಡಿರಬೇಕು.

ಇದು ಬರಿಯ ಲೆಕ್ಕದ ಮಾತಲ್ಲ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ವಿಮೆಗೆ ಬರೆಸಿದ ಬೆಳೆಯೂ ಸಮೀಕ್ಷೆಯಲ್ಲಿ ಕಂಡ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರಕ್ಕೆ ಅಡ್ಡಿಯಾಗುವುದು. ಹೆಸರು ಸುಮಾರು 65–70 ದಿನಗಳಲ್ಲಿ ಕಟಾವಿಗೆ ಬರುವುದು. ಆ ಮೇಲೆ ಹೊಲದಲ್ಲಿ ತೋರಿಸಲು ಪೈರೇ ಇರುವುದಿಲ್ಲ.

ಆದಕಾರಣ ಗ್ರಾಮದ ಹಿರಿಯರು ಬೆಳೆ ನಿಂತಿರುವಾಗಲೇ ಸಮೀಕ್ಷೆ ಮುಗಿಯುವಂತೆ ರೈತರನ್ನು ಪ್ರೇರಿಸತಕ್ಕದ್ದು. ಜಮೀನುದಾರರು ‘ಬೆಳೆ ದರ್ಶಕ’ದಲ್ಲಿ ತಮ್ಮ ಸಾಲುಗಳನ್ನು ಎಣಿಸಿ ನೋಡಿ, ಕೊರತೆ ಕಂಡರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು ಶ್ರೇಯಸ್ಕರವು.