ಒತ್ತಡದ ಸ್ಥಿತಿಯಲ್ಲಿ ಬ್ಯಾಕ್ಟೀರಿಯಾಗಳಿಂದ ಪುನಸ್ಸಂಯೋಜಿತ ಪ್ರೋಟೀನುಗಳ ಹೊರಹರಿವು

ಅನ್ಯಜೀವಿಯ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಪಡೆಯುವ ಪ್ರೋಟೀನಿಗೆ ಪುನಸ್ಸಂಯೋಜಿತ ಪ್ರೋಟೀನು ಎಂದು ಹೆಸರು. 1978ರಲ್ಲಿ ಎಶ್ಚೆರಿಶಿಯ ಕೋಲೈ ಬ್ಯಾಕ್ಟೀರಿಯಾದ ನೆರವಿನಿಂದ ಮಾನವ ಇನ್ಸುಲಿನ್ ತಯಾರಾಯಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧವಾಗಿ ಮಾನ್ಯತೆ ದೊರೆಯಿತು. ಆದರೆ ಪ್ರೋಟೀನನ್ನು ತಯಾರಿಸುವಷ್ಟೇ ಶ್ರಮ ಅದನ್ನು ಹೊರತೆಗೆಯುವುದರಲ್ಲೂ ಇದೆ. ಈ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆಗಳು. ಅವುಗಳ ನಡುವೆ ಪೆರಿಪ್ಲಾಸಂ ಎಂಬ ಕಿರಿದಾದ ಎಡೆ. ಕೋಶದ್ರವದಲ್ಲಿ ಸಂಗ್ರಹವಾದ ಪ್ರೋಟೀನಿಗಾಗಿ ಕೋಶವನ್ನೇ ಒಡೆದರೆ ಬ್ಯಾಕ್ಟೀರಿಯಾದ ಸ್ವಂತ ಪ್ರೋಟೀನುಗಳು, ನ್ಯೂಕ್ಲಿಯಿಕ್ ಆಮ್ಲಗಳು ಹಾಗೂ ಪೊರೆಯ ಎಂಡೋಟಾಕ್ಸಿನ್ ಎಲ್ಲವೂ ಅದರೊಡನೆ ಬೆರೆಯುತ್ತವೆ.

ಹೊರಕ್ಕೆ ಸಾಗಿಸುವ ಸಂಕೇತಸರಣಿಯೇ ಇಲ್ಲದ ಕೋಶದ್ರವದ ಪ್ರೋಟೀನುಗಳೂ ಕೆಲವೊಮ್ಮೆ ಪೋಷಕ ಮಾಧ್ಯಮದಲ್ಲಿ ಕಾಣಸಿಗುತ್ತವೆ. ಕೆಲವು ಕೋಶಗಳು ಸತ್ತು ಒಡೆದಿರಬೇಕೆಂದು ಇದನ್ನು ವಿವರಿಸುವುದು ವಾಡಿಕೆ. ಈ ವಿವರಣೆ ಸುಲಭವಾದುದು, ಆದರೆ ಸಾಲದು.

ಕೋಶ ಸಾಯದೆಯೂ ಪ್ರೋಟೀನು ಹೊರಬರಬಲ್ಲದೆಂಬುದಕ್ಕೆ ಹಳೆಯ ಆಧಾರವಿದೆ. 1965ರಲ್ಲಿ ನ್ಯೂ ಮತ್ತು ಹೆಪ್ಪೆಲ್ ಎಂಬ ವಿಜ್ಞಾನಿಗಳು ಗಾಢ ಸಕ್ಕರೆ ದ್ರಾವಣದಲ್ಲಿಟ್ಟ ಕೋಶಗಳನ್ನು ತಣ್ಣನೆಯ ತೆಳುದ್ರಾವಣಕ್ಕೆ ಹಠಾತ್ತನೆ ವರ್ಗಾಯಿಸಿ ಪೆರಿಪ್ಲಾಸಂನ ಕಿಣ್ವಗಳನ್ನು ಪಡೆದರು. ಇಂಥ ಸಂದರ್ಭದಲ್ಲಿ ನೀರು ಒಳನುಗ್ಗಿ ಒಳಪೊರೆ ಬಿಗಿಯುತ್ತದೆ. ಆ ಬಿಗಿತಕ್ಕೆ ತೆರೆದುಕೊಳ್ಳುವ ಕಾಲುವೆಗಳಲ್ಲಿ ಅತಿ ದೊಡ್ಡದು ಎಂಎಸ್‌ಸಿಎಲ್. ಐದು ಸಮಾನ ಘಟಕಗಳಿಂದಾದ ಇದರ ರಂಧ್ರ ಪೂರ್ಣ ತೆರೆದಾಗ ಸುಮಾರು 3 ನ್ಯಾನೋಮೀಟರ್ ಅಗಲವಾಗುತ್ತದೆ. ಲವಣಗಳನ್ನೂ ಸಣ್ಣ ಅಣುಗಳನ್ನೂ ಹೊರಚೆಲ್ಲಿ ಕೋಶ ಬಿರಿಯದಂತೆ ತಡೆಯುವುದೇ ಇದರ ಸಹಜ ಕೆಲಸ. ಕಟ್ಟೆಯೊಡೆಯುವ ಮುನ್ನ ತೂಬನ್ನು ಎತ್ತಿದಂತೆ.

2018ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇದಕ್ಕೆ ಮತ್ತೊಂದು ಕೊಂಡಿಯನ್ನು ಸೇರಿಸಿತು. ಪುನಸ್ಸಂಯೋಜಿತ ಪ್ರೋಟೀನಿನ ಅತಿಯಾದ ಉತ್ಪಾದನೆಯಿಂದಲೂ, ಪ್ರೋಟೀನು ಸಂಶ್ಲೇಷಣೆಗೆ ಅಡ್ಡಿಪಡಿಸುವ ಪ್ರತಿಜೈವಿಕಗಳಿಂದಲೂ ಕೋಶದ್ರವದ ಪ್ರೋಟೀನುಗಳು ಹೊರಬರುವುದನ್ನು ಅವರು ಕಂಡರು. ಇದರಲ್ಲಿ ಎಂಎಸ್‌ಸಿಎಲ್ ಜೊತೆಗೆ ಆರ್ಫ್‌ಎ ಎಂಬ ಪ್ರೋಟೀನಿಗೂ ಪಾತ್ರವಿದೆಯೆಂದು ಆಯಾ ವಂಶವಾಹಿಗಳನ್ನು ತೆಗೆದುಹಾಕಿದ ತಳಿಗಳು ಸೂಚಿಸಿದವು. ಆರ್ಫ್‌ಎಯ ಕಾರ್ಯ ಕುತೂಹಲಕರ. ಮುಕ್ತಾಯ ಸಂಕೇತವಿಲ್ಲದ ಸಂದೇಶವಾಹಕ ಆರ್‌ಎನ್‌ಎಯ ತುದಿಯಲ್ಲಿ ಸಿಕ್ಕಿಕೊಂಡ ರೈಬೋಸೋಮನ್ನು ಬಿಡಿಸುವ ಎರಡನೆಯ ಸಾಲಿನ ವ್ಯವಸ್ಥೆ ಇದು. ಮೊದಲ ಸಾಲಿನ ವ್ಯವಸ್ಥೆ ಸೋತಾಗಲಷ್ಟೇ ಇದರ ಪ್ರಮಾಣ ಏರುತ್ತದೆ. ಅಂದರೆ ಅನ್ಯ ಪ್ರೋಟೀನಿನ ತಯಾರಿಕೆಯ ಹೊರೆಯೇ ಹೊರಹರಿವಿಗೆ ಪ್ರಚೋದನೆಯಾಗುತ್ತದೆ.

ಸಂಶಯಗಳು ಉಳಿದಿವೆ. 3 ನ್ಯಾನೋಮೀಟರ್ ರಂಧ್ರದಲ್ಲಿ ಚಿಕ್ಕ ಪ್ರೋಟೀನು ನುಸುಳಬಹುದು; ಮಡಿಕೆಗೊಂಡ ದೊಡ್ಡ ಪ್ರೋಟೀನುಗಳ ವಿಷಯದಲ್ಲಿ ಹಾಗೆ ಹೇಳಲಾಗದು. ಒಳಪೊರೆ ದಾಟಿದ್ದು ಹೊರಪೊರೆಯನ್ನು ಹೇಗೆ ದಾಟಿತೆಂಬುದಕ್ಕೆ ಬೇರೆಯೇ ವಿವರಣೆ ಬೇಕು. ಆದುದರಿಂದ ಮಾಧ್ಯಮದಲ್ಲಿ ಪ್ರೋಟೀನು ದೊರೆತ ಮಾತ್ರಕ್ಕೆ ಅದನ್ನು ನಿಯಂತ್ರಿತ ಹೊರಹರಿವೆಂದು ಕರೆಯಲಾಗದು: ಮಾಧ್ಯಮದಲ್ಲಿ ಡಿಎನ್‌ಎ ಎಷ್ಟಿದೆ, ಬದುಕುಳಿದ ಕೋಶಗಳೆಷ್ಟು, ಕಾಲುವೆಯಿಲ್ಲದ ತಳಿಯಲ್ಲಿ ಹೊರಹರಿವು ತಗ್ಗುತ್ತದೆಯೇ ಎಂಬ ಮೂರನ್ನೂ ಅಳೆಯಬೇಕಾಗುತ್ತದೆ.