ಮಕ್ಕಳ ಮೊದಲ ಸಾಕುಹಾವಾಗಿ ಕಾರ್ನ್ ಸ್ನೇಕ್

ಕಾರ್ನ್ ಸ್ನೇಕ್ ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ಕಂಡುಬರುವ ವಿಷರಹಿತ ಹಾವು. ಇದರ ವೈಜ್ಞಾನಿಕ ಹೆಸರು ಪ್ಯಾಂಥೆರೋಫಿಸ್ ಗಟ್ಟೇಟಸ್. ಕೊಲ್ಯುಬ್ರಿಡೇ ಕುಟುಂಬಕ್ಕೆ ಸೇರಿದೆ. ಸೌಮ್ಯ ಸ್ವಭಾವ, ಮಿತವಾದ ಗಾತ್ರ ಹಾಗೂ ಗಟ್ಟಿಮುಟ್ಟಾದ ದೇಹಪ್ರಕೃತಿಯ ಕಾರಣದಿಂದ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮಕ್ಕಳಿರುವ ಮನೆಗಳಿಗೆ ಮೊದಲ ಸಾಕುಹಾವಾಗಿ ಇದನ್ನು ಹೆಚ್ಚಾಗಿ ಸೂಚಿಸಲಾಗುತ್ತದೆ. ಭಾರತದಲ್ಲಿ ಹಾವು ಸಾಕುವ ವಿಷಯದಲ್ಲಿ ಕಾನೂನಿನ ಸ್ಥಿತಿ ಬೇರೆಯಾಗಿದ್ದು, ಅದನ್ನು ಲೇಖನದ ಕೊನೆಯ ಭಾಗದಲ್ಲಿ ವಿವರಿಸಲಾಗಿದೆ.

ಹೆಸರು ಮತ್ತು ಸ್ವರೂಪ

ಮೆಕ್ಕೆಜೋಳ ಕೂಡಿಡುವ ಕಣಜಗಳಿಗೆ ಇಲಿಗಳು ಬರುತ್ತಿದ್ದವು; ಇಲಿಗಳನ್ನು ಅರಸಿ ಈ ಹಾವು ಬರುತ್ತಿತ್ತು. ಹೆಸರು ಬಂದದ್ದು ಇದರಿಂದ ಎಂಬುದು ಒಂದು ವಿವರಣೆ. ಹೊಟ್ಟೆಯ ಮೇಲಿನ ಕಪ್ಪು ಬಿಳಿ ಚೌಕಳಿಗಳು ಬಣ್ಣಬಣ್ಣದ ಮೆಕ್ಕೆಜೋಳದ ಕಾಳುಗಳನ್ನು ಹೋಲುವುದರಿಂದ ಈ ಹೆಸರು ಬಂತೆಂಬುದು ಮತ್ತೊಂದು. ಬೆನ್ನು ಕಿತ್ತಳೆ ಅಥವಾ ಕಂದು ಬಣ್ಣದ್ದಾಗಿದ್ದು, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳಿರುತ್ತವೆ. ಈ ಮಚ್ಚೆಗಳ ದೆಸೆಯಿಂದಲೇ ಜನರು ಇದನ್ನು ಕಾಪರ್‌ಹೆಡ್ ಎಂಬ ವಿಷದ ಹಾವೆಂದು ಭ್ರಮಿಸಿ ಕೊಲ್ಲುವುದುಂಟು.

ಮೊಟ್ಟೆಯೊಡೆದು ಬಂದ ಮರಿ ಸುಮಾರು 20ರಿಂದ 30 ಸೆಂ.ಮೀ. ಉದ್ದವಿರುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ 90ರಿಂದ 150 ಸೆಂ.ಮೀ. ಉದ್ದವಾಗುತ್ತದೆ. ಸಾಕಣೆಯಲ್ಲಿ ಇದು 15ರಿಂದ 20 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ಎಂಟು ವರ್ಷದ ಮಗುವಿಗೆ ತಂದುಕೊಟ್ಟ ಮರಿಯು ಆ ಮಗು ಓದು ಮುಗಿಸಿ ಉದ್ಯೋಗಕ್ಕೆ ಸೇರಿದ ಮೇಲೂ ಮನೆಯಲ್ಲಿರಬಹುದು. ಹಾವನ್ನು ಕೊಳ್ಳುವ ಮುನ್ನ ತಂದೆತಾಯಿಗಳು ಮೊದಲು ಯೋಚಿಸಬೇಕಾದ ಸಂಗತಿ ಇದೇ.

ಹೊಣೆಗಾರಿಕೆ

ಹಾವು ‘ಮಗುವಿನದು’ ಎಂದು ಹೇಳುವುದು ವಾಡಿಕೆಯಾದರೂ ವ್ಯವಹಾರದಲ್ಲಿ ಅದು ಹಿರಿಯರದೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಲ್ಲಿರುವ 2006ರ ಪ್ರಾಣಿಕಲ್ಯಾಣ ಕಾಯಿದೆಯು ಇದನ್ನು ಸ್ಪಷ್ಟಪಡಿಸಿದೆ. ಅದರಂತೆ 16 ವರ್ಷದೊಳಗಿನವರಿಗೆ ಪ್ರಾಣಿಯನ್ನು ಮಾರುವಂತಿಲ್ಲ. ಅಂಥ ಮಗುವಿನ ಬಳಿಯಿರುವ ಪ್ರಾಣಿಗೆ ಆ ಮಗುವನ್ನು ನೋಡಿಕೊಳ್ಳುವ ಹಿರಿಯರನ್ನೇ ಹೊಣೆಗಾರರೆಂದು ಪರಿಗಣಿಸಲಾಗುತ್ತದೆ. ನೀರು ಬದಲಿಸುವುದು, ಉಷ್ಣಾಂಶವನ್ನು ನೋಡುವುದು, ಆಹಾರ ತಿಂದ ದಿನ, ಪೊರೆ ಬಿಟ್ಟ ದಿನ ಮತ್ತು ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಮಗು ಮಾಡಬಹುದಾದ ಕೆಲಸಗಳು. ಈ ಪುಸ್ತಕವು ಹಾವಿಗೆ ಕಾಯಿಲೆಯಾದಾಗ ಪಶುವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.

ವಾಸದ ಪೆಟ್ಟಿಗೆ

ಹಾವು ಮನೆಗೆ ಬರುವ ಮೊದಲೇ ಅದರ ಪೆಟ್ಟಿಗೆ ಸಿದ್ಧವಾಗಿರಬೇಕು. ಒಂದೆರಡು ದಿನ ಹಾವಿಲ್ಲದೆಯೇ ಪೆಟ್ಟಿಗೆಯನ್ನು ಬಿಸಿಮಾಡಿ, ಉಷ್ಣಾಂಶವು ಹಗಲು ರಾತ್ರಿ ಸ್ಥಿರವಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಉತ್ತಮ. ಹಾವು ತನ್ನ ದೇಹದೊಳಗೆ ಸಾಕಷ್ಟು ಶಾಖವನ್ನು ಉತ್ಪಾದಿಸಲಾರದು. ಬಿಸಿ ಬೇಕಾದಾಗ ಬಿಸಿಯ ಕಡೆಗೂ ತಂಪು ಬೇಕಾದಾಗ ತಂಪಿನ ಕಡೆಗೂ ಸರಿದು ಅದು ತನ್ನ ಮೈಯ ಉಷ್ಣಾಂಶವನ್ನು ಹೊಂದಿಸಿಕೊಳ್ಳುತ್ತದೆ. ಆದುದರಿಂದ ಇಡೀ ಪೆಟ್ಟಿಗೆಯನ್ನು ಒಂದೇ ಸಮನೆ ಬಿಸಿಮಾಡುವುದು ತಪ್ಪು. ಒಂದು ತುದಿ ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 20ರಿಂದ 24 ಡಿಗ್ರಿ ಇರಬೇಕು.

ಶಾಖಕ್ಕಾಗಿ ಪೆಟ್ಟಿಗೆಯ ಅಡಿಯಲ್ಲಿ ಇಡುವ ವಿದ್ಯುತ್ ಹಾಸು ಅಥವಾ ಮೇಲಿನಿಂದ ಬಿಸಿಮಾಡುವ ದೀಪವನ್ನು ಬಳಸುತ್ತಾರೆ. ಇವುಗಳಲ್ಲಿ ಯಾವುದನ್ನು ಬಳಸಿದರೂ ಥರ್ಮೋಸ್ಟಾಟ್ ಕಡ್ಡಾಯ. ನಿಯಂತ್ರಣವಿಲ್ಲದ ಹಾಸು ವಿಪರೀತ ಬಿಸಿಯಾದರೆ ಹಾವಿನ ಹೊಟ್ಟೆಯ ಚರ್ಮ ಸುಡುತ್ತದೆ. ದೀಪವನ್ನು ಬಳಸುವುದಾದರೆ ಹಾವು ಅದಕ್ಕೆ ಸುತ್ತಿಕೊಳ್ಳದಂತೆ ಸುತ್ತಲೂ ತಂತಿಯ ಬಲೆ ಇರಬೇಕು. ಅಂಗಡಿಗಳಲ್ಲಿ ದೊರೆಯುವ, ಒಳಗೆ ವಿದ್ಯುತ್ ತಂತಿಯಿರುವ ‘ಬಿಸಿಕಲ್ಲು’ಗಳನ್ನು ಕೊಳ್ಳದಿರುವುದೇ ಲೇಸು. ಅವು ಅಲ್ಲಲ್ಲಿ ಹೆಚ್ಚು ಬಿಸಿಯಾಗಿ ಸುಟ್ಟ ಗಾಯಗಳನ್ನು ಉಂಟುಮಾಡುತ್ತವೆ.

ಬೆಳೆದ ಹಾವು ಮೈಚಾಚಿ ಮಲಗುವಷ್ಟು ಉದ್ದದ ಪೆಟ್ಟಿಗೆ ಇದ್ದರೆ ಒಳ್ಳೆಯದು. ಹೊಸದಾಗಿ ತಂದ ಮರಿಯನ್ನು ಏನೂ ಇಲ್ಲದ ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರೆ ಅದು ಹೆದರಿ ಆಹಾರ ಬಿಡಬಹುದು. ಆದ್ದರಿಂದ ಹಲವರು ಮೊದಲಿಗೆ ಚಿಕ್ಕ ಪೆಟ್ಟಿಗೆಯನ್ನು ಬಳಸುತ್ತಾರೆ. ಗಾತ್ರಕ್ಕಿಂತಲೂ ಅಡಗುತಾಣ ಮುಖ್ಯ. ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು, ಹೀಗೆ ಕನಿಷ್ಠ ಎರಡು ಗೂಡುಗಳಿರಬೇಕು. ಒಂದೇ ಇದ್ದರೆ ಹಾವು ಭದ್ರತೆಗಾಗಿ ಅಲ್ಲೇ ಉಳಿದು, ಬೇಕಾದ ಉಷ್ಣಾಂಶವನ್ನು ತೊರೆಯುತ್ತದೆ. ಹಾವು ಸುರುಳಿ ಸುತ್ತಿ ಕುಳಿತಾಗ ಗೂಡಿನ ಗೋಡೆ ಮೈಗೆ ತಾಗುವಂತಿರಬೇಕು. ಹತ್ತಲು ಒಂದೆರಡು ಕೊಂಬೆ, ಮೈ ಮುಳುಗಿಸಬಹುದಾದ ನೀರಿನ ಬಟ್ಟಲು ಅಗತ್ಯ. ನೆಲಕ್ಕೆ ಆಸ್ಪೆನ್ ಮರದ ಸಣ್ಣ ಚಕ್ಕೆಗಳನ್ನು ಹರಡುತ್ತಾರೆ. ಕಾರ್ನ್ ಸ್ನೇಕ್ ಇದರೊಳಗೆ ಬಿಲ ತೋಡಿಕೊಂಡು ನುಸುಳುತ್ತದೆ. ಸೀಡರ್ ಮತ್ತು ಪೈನ್ ಮರದ ಚಕ್ಕೆಗಳಿಂದ ಹೊರಡುವ ಎಣ್ಣೆಯಂಶ ಹಾವಿಗೆ ಹಾನಿಕರವಾದ್ದರಿಂದ ಅವನ್ನು ಬಳಸಬಾರದು.

ಮುಚ್ಚಳಕ್ಕೆ ಚಿಲಕ ಬೇಕೇಬೇಕು. ಇದು ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಹಾವಿರಬೇಕು. ‘ಜೊತೆಗಿರಲಿ’ ಎಂದು ಮಕ್ಕಳು ಎರಡನೆಯದನ್ನು ಕೇಳುವುದು ಸಹಜ, ಆದರೆ ಇದು ಒಂಟಿಜೀವಿ. ಒಂದು ಇನ್ನೊಂದನ್ನು ನುಂಗಿದ ಪ್ರಸಂಗಗಳೂ ಇವೆ.

ಆಹಾರ ಮತ್ತು ಒಗ್ಗಿಸುವಿಕೆ

ಹೊಸ ಹಾವನ್ನು ಮೊದಲ ವಾರ ಮುಟ್ಟದೆ ಬಿಡಬೇಕು. ಮಗುವಿಗೆ ಇದು ಅತ್ಯಂತ ಕಷ್ಟದ ವಾರ. ಅನಂತರ ಆಹಾರ ಕೊಟ್ಟು, ಅದು ಒಂದೆರಡು ಬಾರಿ ತಪ್ಪದೆ ತಿಂದ ಮೇಲೆ ಕೈಗೆತ್ತಿಕೊಳ್ಳುವುದನ್ನು ಆರಂಭಿಸಬಹುದು. ಹೆದರಿದಾಗ ಹಾವು ಬಾಲವನ್ನು ವೇಗವಾಗಿ ಅಲುಗಿಸುತ್ತದೆ; ಆಗ ಎತ್ತಬಾರದು.

ಆಹಾರವು ಘನೀಕರಿಸಿ ಮಾರುವ ಸತ್ತ ಇಲಿ. ಮರಿಗೆ ಕೂದಲು ಮೂಡದ ಇಲಿಮರಿಯನ್ನು ಐದರಿಂದ ಏಳು ದಿನಗಳಿಗೊಮ್ಮೆಯೂ, ಬೆಳೆದ ಹಾವಿಗೆ ದೊಡ್ಡ ಇಲಿಯನ್ನು ಹತ್ತರಿಂದ ಹದಿನಾಲ್ಕು ದಿನಗಳಿಗೊಮ್ಮೆಯೂ ಕೊಡುತ್ತಾರೆ. ಇಲಿಯನ್ನು ಪೂರ್ಣವಾಗಿ ಕರಗಿಸಿ, ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಿಂದ ನೀಡಬೇಕು. ಬರಿಗೈಯಲ್ಲಿ ಹಿಡಿದರೆ ಹಾವು ಬೆರಳನ್ನೇ ಆಹಾರವೆಂದು ಕಚ್ಚಬಹುದು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಲ್ಲುದು. ತಿಂದ ಮೇಲೆ ಎರಡು ದಿನ ಎತ್ತಬಾರದು, ಎತ್ತಿದರೆ ವಾಂತಿ ಮಾಡಿಕೊಳ್ಳುವ ಸಂಭವವಿದೆ. ಇಲಿಯನ್ನು ತಿನ್ನಿಸುವುದನ್ನು ಒಪ್ಪದ ಮನೆಗೆ ಹಾವು ತಕ್ಕ ಸಾಕುಪ್ರಾಣಿಯಲ್ಲ. ಅದಕ್ಕೆ ಸಸ್ಯಾಹಾರದ ಬದಲಿಯಿಲ್ಲ.

ಪೊರೆ ಬಿಡುವ ಮುನ್ನ ಕಣ್ಣುಗಳು ನೀಲಿಛಾಯೆಗೆ ತಿರುಗಿ ಮಂಜಾಗುತ್ತವೆ. ಆಗ ಹಾವು ಆಹಾರ ಬಿಡುವುದು ಸಾಮಾನ್ಯ, ಗಾಬರಿ ಬೇಡ. ಪೊರೆ ತುಂಡುತುಂಡಾಗಿ ಬಂದರೆ ಪೆಟ್ಟಿಗೆಯಲ್ಲಿ ತೇವ ಸಾಲದೆಂದು ಅರ್ಥ.

ಮಕ್ಕಳ ಆರೋಗ್ಯ

ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲಿಯೂ, ಚರ್ಮದ ಮೇಲೆಯೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ಆಹಾರದ ಇಲಿಗಳಲ್ಲಿಯೂ ಇದು ಇರುವ ಸಾಧ್ಯತೆಯಿದೆ, ಘನೀಕರಣದಿಂದ ಸಾಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳು, ವೃದ್ಧರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಸರೀಸೃಪಗಳು ಸೂಕ್ತವಲ್ಲವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಸಲಹೆ ನೀಡುತ್ತದೆ. ಅಕ್ಕ ಹಾವು ಸಾಕಿದರೂ ಕಾಯಿಲೆ ಬೀಳುವವನು ತೊಟ್ಟಿಲಲ್ಲಿರುವ ತಮ್ಮನಾಗಿರಬಹುದು. ಹಾವನ್ನಾಗಲಿ ಪೆಟ್ಟಿಗೆಯನ್ನಾಗಲಿ ಮುಟ್ಟಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಬೇಕು, ಬಟ್ಟಲನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು, ಹಾವಿಗೆ ಮುತ್ತಿಡಬಾರದು.

ಕಾನೂನು

ಅಮೆರಿಕದಲ್ಲಿಯೇ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಕಾರ್ನ್ ಸ್ನೇಕ್ ನಿಷಿದ್ಧ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರ, ಕೇರೆ, ಹೆಬ್ಬಾವು ಮೊದಲಾದ ದೇಶೀಯ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಕನ್ನಡದ ಕೇರೆಹಾವನ್ನು ಇಂಗ್ಲಿಷಿನಲ್ಲಿ ರ‍್ಯಾಟ್ ಸ್ನೇಕ್ ಎಂದೂ ಕಾರ್ನ್ ಸ್ನೇಕನ್ನು ರೆಡ್ ರ‍್ಯಾಟ್ ಸ್ನೇಕ್ ಎಂದೂ ಕರೆಯುವುದರಿಂದ ಓದುಗರಿಗೆ ಗೊಂದಲವಾಗಬಹುದು. ಇವು ಬೇರೆ ಬೇರೆ ಜಾತಿಗಳು. ತೋಟದಲ್ಲಿ ಸಿಕ್ಕ ಕೇರೆಯ ಮರಿಯನ್ನು ಸಾಕಲು ಈ ಲೇಖನದ ಯಾವ ಸೂಚನೆಯೂ ಅನ್ವಯಿಸದು. 2022ರ ತಿದ್ದುಪಡಿಯು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದಿತು. ಸಾಕುಪ್ರಾಣಿಯಾಗಿ ಜನಪ್ರಿಯವಾದ ಬಾಲ್ ಪೈಥಾನ್ ಈ ಪಟ್ಟಿಯಲ್ಲಿದೆ. ಅಂಥ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಇದಕ್ಕೆ ಸಂಬಂಧಿಸಿದ ನಿಯಮಗಳನ್ನು 2024ರಲ್ಲಿ ಪ್ರಕಟಿಸಲಾಯಿತು. ವಿದೇಶದಿಂದ ಯಾವುದೇ ಹಾವನ್ನು ತರಿಸಲು ಆಮದು ಪರವಾನಗಿಯೂ ಬೇಕಾಗುತ್ತದೆ.